ಬೇವಿನ ನೆರಳಿಗೆ ಜರೀಗಿಡ ಬೇಕೆ?

ಮಲೆನಾಡು ನೋಡಿ ಬಂದವರಿಗೆ ಮನೆ ಮುಂದೆಯೂ ಅಂಥದ್ದೇ ಹಸಿರು ಬೇಕೆನಿಸುತ್ತದೆ. ನರ್ಸರಿಯಿಂದ ಜರೀಗಿಡ, ಅಂದರೆ ಫರ್ನ್, ತಂದು ಬೇವಿನ ಮರದ ಕೆಳಗೆ ನೆಡುತ್ತಾರೆ. ಏಪ್ರಿಲ್ ಹೊತ್ತಿಗೆ ಅದು ಒಣಗಿರುತ್ತದೆ. ತಪ್ಪು ಗಿಡದ್ದಲ್ಲ. ಅದಕ್ಕೆ ನೆರಳೊಂದೇ ಸಾಲದು. ಹಸಿ ಮಣ್ಣು, ತಂಪು ಗಾಳಿಯೂ ಬೇಕು.

ಹಾಗಂತ ಬಯಲುಸೀಮೆಯಲ್ಲಿ ಜರೀಗಿಡವೇ ಇಲ್ಲವೆಂದಲ್ಲ. ಹಳೆ ಬಾವಿಯ ಕಲ್ಲುಸಂದಿಯಲ್ಲಿ ಇಣುಕಿ ನೋಡಿ. ಬಂಡೆಸಂದಿಯಲ್ಲಿ ಬೆಳೆಯುವ ಮಯೂರಶಿಖಿ ಬೇಸಿಗೆಯಲ್ಲಿ ಮುದುಡಿ ಸತ್ತಂತಿರುತ್ತದೆ, ಮಳೆ ಬಿದ್ದರೆ ನವಿಲುಗರಿಯಂತೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಅದನ್ನು ಕಿತ್ತು ತರಬೇಡಿ, ಇದ್ದಲ್ಲೇ ಇರಲಿ.

ಗಂಗಾವತಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ನೀರು ಸಿಗುವ ಕಡೆ ತೋಟದ ನೆರಳಿಗೆ ಬೋಸ್ಟನ್ ಫರ್ನ್ ಹಾಕಬಹುದು. ಅದು ಗಟ್ಟಿ ಜಾತಿ. ಆದರೆ ಕುಷ್ಟಗಿ, ಯಲಬುರ್ಗಾ ಕಡೆ ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲುವ ಊರಲ್ಲಿ ಅಂದಕ್ಕಾಗಿ ನೀರು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಆಸೆಯಿದ್ದರೆ ಕೈ ತೊಳೆಯುವ ನಲ್ಲಿ ಪಕ್ಕ ಒಂದೇ ಕುಂಡ ಇಡಿ, ಚೆಲ್ಲುವ ನೀರು ಸಾಕು. ಉಳಿದ ನೆರಳಿಗೆ ಸ್ನೇಕ್ ಪ್ಲಾಂಟ್ ನೆಡಿ.

ತೋಟದ ಅಂದ ನಮ್ಮೂರ ನೀರಿನ ಲೆಕ್ಕದೊಳಗೇ ಇರಲಿ.