ತಾಜಮಹಲೂ ಚಂಪಕ ಸರಸಿಯೂ

ವಾಸ್ತುಶಿಲ್ಪ ಎಂದೊಡನೆ ನಮ್ಮ ಕಣ್ಣ ಮುಂದೆ ಮೊದಲು ನಿಲ್ಲುವುದು ಆಗ್ರಾದ ತಾಜಮಹಲು. ಯಮುನೆಯ ದಡದ ಆ ಬಿಳಿಯ ಸಮಾಧಿ, ದೆಹಲಿಯ ಕೆಂಪುಕೋಟೆ, ಫತೇಪುರ ಸಿಕ್ರಿಯ ಬುಲಂದ್ ದರವಾಜ ಇವೆಲ್ಲ ಮೊಗಲರು ಲೋಕಕ್ಕೆ ಬಿಟ್ಟುಹೋದ ಕಾಣಿಕೆಗಳು. ಇವನ್ನು ಮೆಚ್ಚದವರು ವಿರಳ. ಆದರೆ ದೂರದ ಸೌಂದರ್ಯಕ್ಕೆ ತಲೆದೂಗುವ ನಾವು ಮನೆಯ ಬಾಗಿಲಲ್ಲಿರುವುದನ್ನು ಕಾಣದೆ ಹೋಗುತ್ತೇವೆ. ಕಂಡರೂ ದೂರದ ಅಳತೆಗೋಲಿನಿಂದಲೇ ಅಳೆಯುತ್ತೇವೆ.

ಸಾಗರ ತಾಲ್ಲೂಕಿನ ಆನಂದಪುರದ ಬಳಿ ಚಂಪಕ ಸರಸಿ ಎಂಬ ಕೊಳವಿದೆ. ಜಂಬಿಟ್ಟಿಗೆಯ ಮೆಟ್ಟಿಲುಗಳು, ನೀರಿನ ನಡುವೆ ಪುಟ್ಟ ಗುಡಿ, ಅದಕ್ಕೆ ಹೋಗಲು ಕಲ್ಲಿನ ಸೇತುವೆ. ಕೆಳದಿಯ ವೆಂಕಟಪ್ಪನಾಯಕನು ತನ್ನ ಪ್ರಿಯೆ ಚಂಪಕೆಯ ನೆನಪಿಗಾಗಿ ಇದನ್ನು ಕಟ್ಟಿಸಿದನೆಂಬ ಕಥೆ ಜನರ ಬಾಯಲ್ಲಿ ಉಳಿದು ಬಂದಿದೆ. ಆದುದರಿಂದ ಇದನ್ನು ‘ಮಲೆನಾಡಿನ ತಾಜಮಹಲು’ ಎನ್ನುವವರೂ ಉಂಟು. ಅದು ಅಭಿಮಾನದ ಮಾತೇ ಸರಿ. ಆದರೂ ಈ ಹೆಸರು ಎರಡಕ್ಕೂ ನ್ಯಾಯ ಮಾಡದೆಂದು ನನ್ನ ಅಭಿಪ್ರಾಯ. ತಾಜಮಹಲು ಚಕ್ರವರ್ತಿಯ ಬೊಕ್ಕಸದಿಂದ, ಮಕ್ರಾನಾದಿಂದ ತರಿಸಿದ ಅಮೃತಶಿಲೆಯಿಂದ ಎದ್ದಿತು. ಚಂಪಕ ಸರಸಿ ಇಲ್ಲಿಯ ನೆಲದಲ್ಲೇ ಕಡಿದ ಕಲ್ಲಿನಿಂದ, ಇಲ್ಲಿಯ ನೀರಿಗಾಗಿ ಮೂಡಿತು. ಒಂದರ ನೆರಳಿನಲ್ಲಿ ನಿಲ್ಲಿಸಿದರೆ ಇನ್ನೊಂದರ ಸೊಬಗು ಕಾಣದು.

ಸಾಗರದ ಸಮೀಪದ ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನು ನೋಡಿರಿ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ 1623ರಲ್ಲಿ ಇಕ್ಕೇರಿಗೆ ಬಂದು, ತಾನು ಕಂಡುದನ್ನು ವಿವರವಾಗಿ ಬರೆದಿಟ್ಟನು. ತಾಜಮಹಲಿನ ಕೆಲಸ ಮೊದಲಾದುದು 1632ರ ಸುಮಾರಿಗೆ ಎಂಬುದನ್ನು ನೆನೆದರೆ ಈ ಗುಡಿಯ ಹಿರಿತನ ತಿಳಿದೀತು. ಅದರ ಮುಂದಿನ ನಂದಿಮಂಟಪದ ಕಮಾನುಗಳು ಬಿಜಾಪುರದ ಸುಲ್ತಾನರ ಕಟ್ಟಡಗಳನ್ನು ನೆನಪಿಗೆ ತರುತ್ತವೆ. ಶಿವನ ಗುಡಿಗೆ ಸುಲ್ತಾನರ ನಾಡಿನ ಕಮಾನನ್ನು ತರಲು ನಮ್ಮ ಶಿಲ್ಪಿಗಳು ಹಿಂಜರಿಯಲಿಲ್ಲ. ಪರ್ಷಿಯದ ಗುಮ್ಮಟವನ್ನೂ ರಾಜಸ್ಥಾನದ ಛತ್ರಿಯನ್ನೂ ಒಂದುಗೂಡಿಸಿದ ಮೊಗಲ್ ಶಿಲ್ಪಿಗಳು ಮಾಡಿದುದೂ ಇದನ್ನೇ. ರಾಜರು ಯುದ್ಧ ಮಾಡುತ್ತಿದ್ದಾಗಲೂ ಶಿಲ್ಪಿಗಳು ಪರಸ್ಪರ ಕಲಿಯುತ್ತಿದ್ದರು.

ಯುದ್ಧವೂ ಈ ಮಲೆನಾಡಿಗೆ ಬಾರದೆ ಇರಲಿಲ್ಲ. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತುದಕ್ಕಾಗಿ ರಾಣಿ ಚೆನ್ನಮ್ಮ ಔರಂಗಜೇಬನ ಸೈನ್ಯವನ್ನು ಎದುರಿಸಬೇಕಾಯಿತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದುಕೊಂಡನು. ಹೊಸನಗರ ತಾಲ್ಲೂಕಿನ ನಗರವೇ ಆ ಬಿದನೂರು. ಅಲ್ಲಿ ಕೋಟೆಯ ಗೋಡೆಗಳು ನಿಂತಿವೆ. ಹತ್ತಿರದ ದೇವಗಂಗೆಯ ಕೊಳಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದಲ್ಲಿ ಸುತ್ತು ಸುತ್ತಾಗಿ ಏರುವ ಕೋಟೆಯೂ ಅರಮನೆಯ ತಳಪಾಯವೂ ಉಳಿದಿವೆ. ಮಣ್ಣಿನಿಂದಲೂ ಮರದಿಂದಲೂ ಕಟ್ಟಿದ ಇಕ್ಕೇರಿಯ ಅರಮನೆ ಮಾತ್ರ ಅಳಿದುಹೋಯಿತು.

ಮಲೆನಾಡಿನ ಮಳೆ ಕಲ್ಲಿನ ಸಂದಿನಲ್ಲಿ ಆಲದ ಬೀಜವನ್ನು ಬೆಳೆಸುತ್ತದೆ. ಬೇರು ಗೋಡೆಯನ್ನು ಸೀಳುತ್ತದೆ. ಅದು ಪ್ರಕೃತಿಯ ಕೆಲಸ. ಕಂಬದ ಮೇಲೆ ಮೊಳೆಯಿಂದ ಹೆಸರು ಕೆತ್ತುವುದು, ಕೋಟೆಯ ಕಲ್ಲನ್ನು ಹೊಲದ ಬದುವಿಗೆ ಒಯ್ಯುವುದು ಮನುಷ್ಯರ ಕೆಲಸ. ಮೊದಲನೆಯದನ್ನು ತಡೆಯಲು ಸರ್ಕಾರದ ಹಣವೂ ತಜ್ಞರ ಜ್ಞಾನವೂ ಬೇಕು. ಎರಡನೆಯದನ್ನು ತಡೆಯಲು ಊರಿನವರ ವಿವೇಕ ಸಾಕು. ಕಾವಲುಗಾರನಿಲ್ಲದ ಕೋಟೆಗೆ ಪಕ್ಕದ ಹಳ್ಳಿಯವರೇ ಕಾವಲು.

ತಾಜಮಹಲನ್ನು ನೋಡಬೇಡಿರೆಂದು ಯಾರೂ ಹೇಳಲಾರರು. ಅವಕಾಶ ದೊರೆತಾಗ ನೋಡಿ ಬನ್ನಿರಿ. ಆದರೆ ಅದಕ್ಕೆ ಮುನ್ನ ಒಂದು ದಿನ ಇಕ್ಕೇರಿಯ ಮಂಟಪದಲ್ಲಿ ಕುಳಿತು, ಆ ಕಮಾನು ಎಲ್ಲಿಂದ ಬಂದಿತು, ಆ ಕಲ್ಲನ್ನು ಯಾರು ಕಡೆದರು ಎಂದು ಕೇಳಿಕೊಳ್ಳಿರಿ. ಊರಿನ ಕಲ್ಲನ್ನು ಓದಬಲ್ಲವನು ಆಗ್ರಾದ ಅಮೃತಶಿಲೆಯನ್ನೂ ಓದಬಲ್ಲನು.