ಆಟ ಕೊಂಡದ್ದು ಯಾವ ದೇಶದಲ್ಲಿ?

ನ್ಯಾಮತಿಯಲ್ಲಿರುವ ನನ್ನ ಸೋದರಳಿಯ ಕಳೆದ ಬೇಸಿಗೆ ರಜೆಯಲ್ಲಿ ಒಂದು ವಿಡಿಯೊ ಗೇಮ್ ಕೊಳ್ಳಲು ಹೊರಟ. ಟಿ.ವಿ.ಗೆ ಜೋಡಿಸಿ ಆಡುವ ಕನ್ಸೋಲ್ ಅವನ ಬಳಿ ಇತ್ತು. ಎರಡು ವರ್ಷ ಕಾಡಿ ಬೇಡಿ ಅಪ್ಪನಿಂದ ಪಡೆದದ್ದು. ಭಾರತದ ಅಂತರ್ಜಾಲ ಮಳಿಗೆಯಲ್ಲಿ ಆ ಆಟದ ಬೆಲೆ ಸುಮಾರು ಐದು ಸಾವಿರ ರೂಪಾಯಿ. ಅದೇ ಆಟ ಬೇರೊಂದು ದೇಶದ ಮಳಿಗೆಯಲ್ಲಿ ಅರ್ಧ ಬೆಲೆಗೆ ಸಿಗುತ್ತದೆಂದು ಗೆಳೆಯರು ಹೇಳಿದರು. ಎಂದೂ ಕಾಲಿಡದ ಆ ದೇಶದ ನಿವಾಸಿ ತಾನೆಂದು ನಮೂದಿಸಿ ಹುಡುಗ ಹೊಸ ಖಾತೆ ತೆರೆದ. ಅಲ್ಲಿನ ನಾಣ್ಯದ ಗಿಫ್ಟ್ ಕಾರ್ಡ್ ಸಂಖ್ಯೆಯನ್ನು ಮೊಬೈಲ್‌ನಲ್ಲಿ ಪರಿಚಯವಾದ ಮಧ್ಯವರ್ತಿಯೊಬ್ಬನಿಂದ 2,600 ರೂಪಾಯಿಗೆ ಕೊಂಡ. ಆ ಸಂಖ್ಯೆ ಅದಾಗಲೇ ಬೇರೆ ಯಾರಿಂದಲೋ ಬಳಕೆಯಾಗಿತ್ತು. ಮಧ್ಯವರ್ತಿ ಫೋನ್ ಎತ್ತುವುದನ್ನು ನಿಲ್ಲಿಸಿದ.

‘ಮಾವ, ಯಾರಿಗೆ ದೂರು ಕೊಡಲಿ?’ ಎಂದು ಅವನು ಕೇಳಿದಾಗ ನನ್ನಲ್ಲಿ ತಕ್ಷಣದ ಉತ್ತರವಿರಲಿಲ್ಲ. ಮಳಿಗೆಯ ದಾಖಲೆಯ ಪ್ರಕಾರ ಅವನು ನ್ಯಾಮತಿಯವನೇ ಅಲ್ಲ.

ಇದು ಒಬ್ಬ ಹುಡುಗನ ಪೆದ್ದುತನದ ಕಥೆ ಎಂದು ತಳ್ಳಿಹಾಕಬಹುದು. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂತಹ ತಾಲ್ಲೂಕು ಕೇಂದ್ರಗಳ ಮಕ್ಕಳಿಗೆ ಅಂತರ್ಜಾಲದ ಮಳಿಗೆ ಎಂದರೆ ಏನು ಎಂಬುದನ್ನು ನೆನೆಯಬೇಕು. ಇಂತಹ ಆಟದ ಡಿಸ್ಕ್ ಬೇಕೆಂದರೆ ದಾವಣಗೆರೆಗೋ ಶಿವಮೊಗ್ಗಕ್ಕೋ ಬಸ್ಸು ಹತ್ತಬೇಕು. ಅಲ್ಲೂ ಸಿಗದಿದ್ದರೆ ಬೆಂಗಳೂರಿನಲ್ಲಿರುವ ಬಂಧುಗಳಿಗೆ ಹೇಳಿಕಳಿಸಬೇಕು. ಅಂತರ್ಜಾಲ ಈ ದೂರವನ್ನು ಅಳಿಸಿತು. ಅಳಿಸಿದ ಕೈಯಲ್ಲೇ, ಭೂಪಟದ ಗಡಿರೇಖೆಗಳನ್ನು ಮಳಿಗೆಯೊಳಗೆ ಮತ್ತೆ ಎಳೆಯಿತು.

ಆ ಗಡಿಗಳು ಕೆಲಸ ಮಾಡುವ ಬಗೆ ಹೀಗಿದೆ. ಸೋನಿ ಕಂಪನಿಯ ಪ್ಲೇಸ್ಟೇಷನ್ ಮಳಿಗೆಯಲ್ಲಿ ಖಾತೆ ತೆರೆಯುವಾಗ ನಮೂದಿಸಿದ ದೇಶವನ್ನು ಮುಂದೆ ಬದಲಾಯಿಸಲು ಬರುವುದಿಲ್ಲ. ಒಂದು ದೇಶದ ಗಿಫ್ಟ್ ಕಾರ್ಡ್ ಇನ್ನೊಂದು ದೇಶದ ಖಾತೆಗೆ ಸಲ್ಲುವುದಿಲ್ಲ. ಡಿಸ್ಕ್ ಯಾವ ದೇಶದ್ದಾದರೂ ಯಂತ್ರ ಅದನ್ನು ಆಡಿಸುತ್ತದೆ; ಆದರೆ ಆ ಆಟಕ್ಕೆ ಹೊಸ ಅಧ್ಯಾಯವನ್ನೋ ಹೊಸ ಪಾತ್ರವನ್ನೋ ಮಳಿಗೆಯಿಂದ ಕೊಳ್ಳಬೇಕಾದರೆ ಡಿಸ್ಕಿನ ಪ್ರದೇಶವೂ ಖಾತೆಯ ಪ್ರದೇಶವೂ ಹೊಂದಿಕೆಯಾಗಬೇಕು. ಹೊರಗಿನಿಂದ ತಂದ ಡಿಸ್ಕನ್ನು ಅಗ್ಗವೆಂದು ಕೊಂಡು, ಭಾರತದ ಖಾತೆಯಲ್ಲಿ ಅದರ ಮುಂದುವರಿದ ಭಾಗಕ್ಕೆ ಹಣ ತೆತ್ತು, ಎರಡೂ ಕೂಡಿಕೊಳ್ಳದೆ ಕೈಸುಟ್ಟುಕೊಳ್ಳುವ ಸಂಭವ ಇರುವುದು ಇದರಿಂದಲೇ. ನಿಂಟೆಂಡೊ ಕಂಪನಿ ಖಾತೆಯ ದೇಶ ಬದಲಿಸಲು ಬಿಡುತ್ತದೆ, ಆದರೆ ಖಾತೆಯಲ್ಲಿ ಹಣ ಉಳಿದಿರಬಾರದು. ಆ ಕಂಪನಿಯ ಕನ್ಸೋಲ್ ಬಹುಕಾಲ ಭಾರತದಲ್ಲಿ ಅಧಿಕೃತ ಮಳಿಗೆಯೇ ಇಲ್ಲದೆ ಹೊರಗಿನಿಂದ ಬಂದು ಮಾರಾಟವಾಗುತ್ತಿತ್ತು. ಅದನ್ನು ಕೊಂಡವರಿಗೆ ಪರದೇಶದ ಖಾತೆ ಅನಿವಾರ್ಯವಾಗಿತ್ತು; ಅದನ್ನು ಕಳ್ಳದಾರಿ ಎನ್ನಲಾಗದು.

ಒಂದೇ ಆಟಕ್ಕೆ ದೇಶಕ್ಕೊಂದು ಬೆಲೆ ಏಕೆ? ಕೊಳ್ಳುವವರ ಆದಾಯ ನೋಡಿ ಬೆಲೆ ಕಟ್ಟುವುದು ಸ್ವತಃ ಅನ್ಯಾಯವಲ್ಲ. ಗಣಕದ ಆಟಗಳನ್ನು ಮಾರುವ ಸ್ಟೀಮ್ ಮಳಿಗೆ 2015ರಲ್ಲಿ ರೂಪಾಯಿಯಲ್ಲಿ ಬೆಲೆ ನಮೂದಿಸಲು ತೊಡಗಿದಾಗ ಅದರ ಲಾಭ ಪಡೆದವರು ನಮ್ಮ ಹುಡುಗರೇ. ಅಮೆರಿಕದಲ್ಲಿ 70 ಡಾಲರಿಗೆ ಮಾರುವ ಹೊಸ ಆಟ ಇಲ್ಲಿ ಡಾಲರಿನ ಲೆಕ್ಕಕ್ಕಿಂತ ಕಡಿಮೆಗೆ ಸಿಕ್ಕಿದ ಉದಾಹರಣೆಗಳಿವೆ. ಆದರೆ ಈ ಏರ್ಪಾಡು ನಿಲ್ಲುವುದು ಪ್ರತಿಯೊಬ್ಬನೂ ತನ್ನ ದೇಶವನ್ನು ನಿಜವಾಗಿ ಹೇಳಿದಾಗ ಮಾತ್ರ. ಅರ್ಜೆಂಟೀನಾ ಮತ್ತು ಟರ್ಕಿ ದೇಶಗಳ ನಾಣ್ಯ ಕುಸಿದಾಗ ಅಲ್ಲಿನ ಮಳಿಗೆಗಳ ಬೆಲೆ ಹೊರಗಿನವರಿಗೆ ಅತಿ ಅಗ್ಗವಾಗಿ ಕಂಡಿತು. ಲೋಕದ ನಾನಾ ಕಡೆಯಿಂದ ಜನ ಅಲ್ಲಿಯ ನಿವಾಸಿಗಳೆಂದು ಹೇಳಿಕೊಂಡು ನುಗ್ಗಿದರು. ನವೆಂಬರ್ 2023ರಲ್ಲಿ ಸ್ಟೀಮ್ ಆ ಎರಡೂ ದೇಶಗಳ ಸ್ಥಳೀಯ ನಾಣ್ಯದ ಬೆಲೆಯನ್ನು ಕೈಬಿಟ್ಟು ಡಾಲರಿಗೆ ಬದಲಾಯಿತು. ಕಂಪನಿ ಕೊಟ್ಟ ಕಾರಣ ವಿನಿಮಯ ದರದ ಏರಿಳಿತ. ಕಾರಣ ಏನೇ ಇರಲಿ, ಡಾಲರಿನ ಭಾರ ಬಿದ್ದದ್ದು ಬ್ಯೂನಸ್ ಐರಿಸ್ ಮತ್ತು ಅಂಕಾರಾದ ಹುಡುಗರ ಮೇಲೆ. ನಾಳೆ ನಮ್ಮ ರೂಪಾಯಿ ಬೆಲೆಗೂ ಹೊರಗಿನವರು ಹೀಗೆಯೇ ಮುಗಿಬಿದ್ದರೆ ಅದನ್ನು ತೆರುವವರು ನಮ್ಮ ಮಕ್ಕಳು.

ಇದಕ್ಕೆ ಎದುರುವಾದವೊಂದಿದೆ, ಅದು ಹಗುರವಾದದ್ದಲ್ಲ. ಚನ್ನಗಿರಿಯ ರೈತ ತನ್ನ ಅಡಿಕೆಯನ್ನು ಊರಿನ ತುಮ್ಕೋಸ್‌ಗೆ ಕೊಡಬಹುದು, ಶಿವಮೊಗ್ಗದ ಮಂಡಿಗೂ ಒಯ್ಯಬಹುದು. ಜಗಳೂರಿನವನು ಮೆಕ್ಕೆಜೋಳವನ್ನು ದಾವಣಗೆರೆಯಲ್ಲೇ ಮಾರಬೇಕೆಂಬ ಕಟ್ಟಳೆಯಿಲ್ಲ. ಬೆಲೆ ಹಿತವಾದ ಕಡೆ ಹೋಗುವುದು ವ್ಯಾಪಾರದ ಸಹಜ ಧರ್ಮ. ಕಂಪನಿಗಳು ಸಹ ಕೆಲಸ ಅಗ್ಗವಾಗಿ ಆಗುವ ದೇಶವನ್ನು ಹುಡುಕಿಯೇ ಬೆಂಗಳೂರಿಗೆ ಬಂದವು. ಲೋಕವೆಲ್ಲ ಒಂದೇ ಮಾರುಕಟ್ಟೆ ಎಂದು ಸಾರುವವರು ಗ್ರಾಹಕನಿಗೆ ಮಾತ್ರ ಬೇಲಿ ಹಾಕುವುದೇಕೆ?

ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ‘ಭಾರತ ಉಪಖಂಡದಲ್ಲಿ ಮಾತ್ರ ಮಾರಾಟಕ್ಕೆ’ ಎಂದು ಮುದ್ರಿಸಿದ ಅಗ್ಗದ ಪಠ್ಯಪುಸ್ತಕಗಳನ್ನು ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳೆಲ್ಲ ಬಲ್ಲರು. ಅಮೆರಿಕದಲ್ಲಿ ಓದುತ್ತಿದ್ದ ಥಾಯ್ಲೆಂಡಿನ ಸುಪಾಪ್ ಕಿರ್ಟ್‌ಸೆಂಗ್ ಎಂಬ ವಿದ್ಯಾರ್ಥಿ ಇಂತಹ ಪುಸ್ತಕಗಳನ್ನು ತನ್ನ ದೇಶದಿಂದ ತರಿಸಿ ಅಲ್ಲಿ ಮಾರಿದ. ಜಾನ್ ವೈಲಿ ಪ್ರಕಾಶನ ಸಂಸ್ಥೆ ಮೊಕದ್ದಮೆ ಹೂಡಿತು. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆರು–ಮೂರರ ಬಹುಮತದಿಂದ ವಿದ್ಯಾರ್ಥಿಯ ಪರ ನಿಂತಿತು: ನ್ಯಾಯವಾಗಿ ಕೊಂಡ ಪ್ರತಿಯನ್ನು, ಅದು ಎಲ್ಲೇ ಮುದ್ರಣಗೊಂಡಿರಲಿ, ಮತ್ತೆ ಮಾರುವ ಹಕ್ಕು ಕೊಂಡವನಿಗಿದೆ. ಕೈಯಲ್ಲಿ ಹಿಡಿಯಬಹುದಾದ ವಸ್ತುವಿಗೆ ದೊರೆತ ಈ ಸ್ವಾತಂತ್ರ್ಯ ಡಿಜಿಟಲ್ ಆಟಕ್ಕೆ ದೊರೆಯುವುದಿಲ್ಲ. ಏಕೆಂದರೆ ಮಳಿಗೆಯ ಕರಾರಿನ ಪ್ರಕಾರ ಅಲ್ಲಿ ಯಾರೂ ಏನನ್ನೂ ಕೊಳ್ಳುತ್ತಿಲ್ಲ. ಬಳಸುವ ಪರವಾನಗಿಯನ್ನಷ್ಟೇ ಪಡೆಯುತ್ತಿದ್ದಾರೆ.

ಪರವಾನಗಿ ಎಂಬ ಮಾತಿನ ತೂಕ ತಿಳಿಯುವುದು ಮಳಿಗೆ ಮುಚ್ಚಿದಾಗ. ನಿಂಟೆಂಡೊ ತನ್ನ ಎರಡು ಹಳೆಯ ಕನ್ಸೋಲ್‌ಗಳ ಮಳಿಗೆಯಲ್ಲಿ ಮಾರಾಟವನ್ನು ಮಾರ್ಚ್ 2023ರಲ್ಲಿ ನಿಲ್ಲಿಸಿತು. ಯೂಬಿಸಾಫ್ಟ್ ಕಂಪನಿ 2014ರಲ್ಲಿ ಮಾರಿದ್ದ ‘ದಿ ಕ್ರೂ’ ಎಂಬ ಕಾರು ಓಟದ ಆಟದ ಸರ್ವರುಗಳನ್ನು ಮಾರ್ಚ್ 2024ರಲ್ಲಿ ಆರಿಸಿತು. ಪೂರ್ತಿ ಹಣ ಕೊಟ್ಟವರಿಗೂ ಆಟ ಆಡಲಾರದಂತಾಯಿತು. ಮಾರುವಾಗ ‘ಇದು ಪರವಾನಗಿ ಮಾತ್ರ’ ಎಂದು ಸ್ಪಷ್ಟವಾಗಿ ಹೇಳಬೇಕೆಂದು ಕ್ಯಾಲಿಫೋರ್ನಿಯ ರಾಜ್ಯ ಕಾನೂನು ಮಾಡಿ 2025ರ ಜನವರಿಯಿಂದ ಜಾರಿಗೆ ತಂದಿದೆ. ತನ್ನ ನಿಜವಾದ ದೇಶದಲ್ಲಿ ಕೊಂಡವನ ಗತಿಯೇ ಹೀಗಾದರೆ, ಸುಳ್ಳು ವಿಳಾಸದಲ್ಲಿ ಕೊಂಡವನ ಪಾಡೇನು? ವಾಸಸ್ಥಳದ ಬಗ್ಗೆ ತಪ್ಪು ಮಾಹಿತಿ ಕೊಡುವುದು ಕರಾರಿನ ಉಲ್ಲಂಘನೆ. ಆ ಕಾರಣ ಮುಂದಿಟ್ಟು ಖಾತೆಯನ್ನೇ ಮುಚ್ಚಿದರೆ ಕೇಳುವವರಿಲ್ಲ.

ನಮ್ಮ ಕಾನೂನು ಈ ವಿಷಯದಲ್ಲಿ ದುರ್ಬಲವಲ್ಲ ಎಂಬುದು ಅನೇಕರಿಗೆ ತಿಳಿದಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಅಂದರೆ ಜಗಳೂರಿನವನು ಬೆಂಗಳೂರಿಗೋ ದೆಹಲಿಗೋ ಅಲೆಯಬೇಕಿಲ್ಲ, ದಾವಣಗೆರೆಯ ಆಯೋಗ ಸಾಕು. ಅದೇ ತಿಂಗಳು ಬಂದ ಇ-ವಾಣಿಜ್ಯ ನಿಯಮಗಳು, ಭಾರತದಲ್ಲಿ ನೆಲೆಯಿಲ್ಲದಿದ್ದರೂ ಇಲ್ಲಿನ ಗ್ರಾಹಕರಿಗೆ ಕ್ರಮಬದ್ಧವಾಗಿ ಮಾರುವ ವಿದೇಶಿ ಕಂಪನಿಗಳಿಗೂ ಅನ್ವಯಿಸುತ್ತವೆ. ಡಿಜಿಟಲ್ ಸರಕುಗಳೂ ಅವುಗಳ ವ್ಯಾಪ್ತಿಯಲ್ಲಿವೆ. ಇಂತಹ ಮಾರಾಟದ ಮೇಲೆ 2017ರಿಂದ ಶೇ 18ರಷ್ಟು ಜಿಎಸ್‌ಟಿ ಇದೆ. ವಿದೇಶಿ ಕಂಪನಿಯೂ ಅದನ್ನು ವಸೂಲು ಮಾಡಿ ಕಟ್ಟಬೇಕು. ತೆರಿಗೆ ತೆತ್ತ ರಸೀದಿ ಗ್ರಾಹಕನ ಕೈಯಲ್ಲಿರುವ ಆಯುಧ. ಬೇರೆ ದೇಶದ ನಿವಾಸಿ ಎಂದು ಬರೆದ ಗಳಿಗೆಯಲ್ಲಿ ಹುಡುಗ ಆ ಆಯುಧವನ್ನು ತಾನೇ ಕೆಳಗಿಟ್ಟ. ಉಳಿಸಲು ಹೊರಟದ್ದು ಎರಡೂವರೆ ಸಾವಿರ ರೂಪಾಯಿ, ಕಳೆದುಕೊಂಡದ್ದು ಅಷ್ಟೇ ಹಣದ ಜೊತೆಗೆ ದೂರು ಕೊಡುವ ನೆಲೆ.

ಹಾಗೆಂದು ತಪ್ಪನ್ನೆಲ್ಲ ಹುಡುಗರ ತಲೆಗೆ ಕಟ್ಟುವುದು ಸರಿಯಲ್ಲ. ದೇಶದ ವಿಷಯದಲ್ಲಿ ಕಂಪನಿಗಳ ನಡೆಯೂ ನೇರವಾಗಿಲ್ಲ. ಗಣಕದಲ್ಲಿ ಆಡುವ ‘ಹೆಲ್‌ಡೈವರ್ಸ್ 2’ ಆಟವನ್ನು ಲೋಕದೆಲ್ಲೆಡೆ ಮಾರಿದ ಸೋನಿ, ಮೇ 2024ರಲ್ಲಿ ಆಟಗಾರರೆಲ್ಲ ತನ್ನ ಪ್ಲೇಸ್ಟೇಷನ್ ಖಾತೆ ಹೊಂದಬೇಕೆಂದಿತು. ಆದರೆ ಆ ಖಾತೆಯ ಸೌಲಭ್ಯವೇ ಇಲ್ಲದ ದೇಶಗಳು ಬಹಳ ಇದ್ದವು. 177 ದೇಶ, ಪ್ರದೇಶಗಳಲ್ಲಿ ಆಟದ ಮಾರಾಟ ನಿಂತಿತು. ಆಟಗಾರರ ಪ್ರತಿಭಟನೆಗೆ ಮಣಿದು ಕೆಲವೇ ದಿನಗಳಲ್ಲಿ ಕಂಪನಿ ಷರತ್ತನ್ನು ಹಿಂತೆಗೆದುಕೊಂಡಿತು. ಹಣ ಪಡೆಯುವಾಗ ಕಾಣದ ದೇಶ, ಹಕ್ಕು ಕೊಡುವಾಗ ಮಾತ್ರ ಕಾಣುವುದು ಯಾವ ನ್ಯಾಯ?

ವಲಸೆಯ ಪ್ರಶ್ನೆಯೂ ಇದೆ. ಹೊನ್ನಾಳಿಯ ಮನೆಯಿಂದ ದುಬೈಗೋ ಅಮೆರಿಕಕ್ಕೋ ಹೋಗಿ ಹತ್ತು ವರ್ಷ ದುಡಿದು ಮರಳುವ ಕುಟುಂಬಗಳು ಇಂದು ಅಪರೂಪವಲ್ಲ. ಪಾತ್ರೆ, ಪುಸ್ತಕ, ಒಡವೆ ಅವರೊಡನೆ ಬರುತ್ತವೆ. ಮಕ್ಕಳು ಆ ಹತ್ತು ವರ್ಷ ಕೊಂಡ ಆಟಗಳು ಮಾತ್ರ ಅಲ್ಲಿಯ ಖಾತೆಗೆ ಅಂಟಿಕೊಂಡಿರುತ್ತವೆ. ಇಲ್ಲಿಯ ಕಾರ್ಡನ್ನು ಆ ಖಾತೆ ಒಪ್ಪದಿರಬಹುದು. ಮನೆ ಬದಲಿಸಿದವನು ಸುಳ್ಳುಗಾರನಲ್ಲ. ಅವನಿಗೂ ಸುಳ್ಳು ವಿಳಾಸದವನಿಗೂ ಒಂದೇ ಬೀಗ ಹಾಕುವ ನಿಯಮ ಬದಲಾಗಬೇಕು.

ಆಗಬೇಕಾದದ್ದು ಅಸಾಧ್ಯವೇನಲ್ಲ. ಭಾರತದಲ್ಲಿ ಕನ್ಸೋಲ್ ಮಾರುವ ಕಂಪನಿ ಭಾರತದಲ್ಲೇ, ರೂಪಾಯಿಯಲ್ಲಿ, ರಸೀದಿಯೊಂದಿಗೆ ಆಟವನ್ನೂ ಮಾರಲಿ. ವಾಸ ಬದಲಾಯಿಸಿದವರಿಗೆ ದಾಖಲೆ ನೋಡಿ ಖಾತೆ ವರ್ಗಾಯಿಸಿಕೊಡಲಿ. ಮಾರುತ್ತಿರುವುದು ಪರವಾನಗಿ ಎಂಬುದನ್ನು ಕೊಳ್ಳುವ ಗುಂಡಿಯ ಪಕ್ಕದಲ್ಲೇ ಬರೆಯಲಿ. ಕ್ಯಾಲಿಫೋರ್ನಿಯಕ್ಕೆ ಸಾಧ್ಯವಾದ ನಿಯಮ ನಮಗೆ ಅಸಾಧ್ಯವಲ್ಲ. ಹಣ ಕಟ್ಟಿ ಆಡುವ ಜೂಜಿನ ಆಟಗಳನ್ನು ಸಂಸತ್ತು 2025ರಲ್ಲಿ ನಿಷೇಧಿಸಿತು. ಒಮ್ಮೆ ಬೆಲೆ ತೆತ್ತು ಕೊಳ್ಳುವ ಆಟಗಳು ಆ ಸಾಲಿಗೆ ಸೇರಿದವಲ್ಲ. ಇವಕ್ಕೆ ಬೇಕಾದದ್ದು ನಿಷೇಧವಲ್ಲ, ಗ್ರಾಹಕನ ರಕ್ಷಣೆ.

ತಾಯಿತಂದೆಯರ ಪಾಲೂ ಒಂದಿದೆ. ಕಾರ್ಡಿನ ವಿದೇಶಿ ವ್ಯವಹಾರವನ್ನು ಗ್ರಾಹಕನೇ ತೆರೆಯುವ, ಮುಚ್ಚುವ, ಮಿತಿ ಹಾಕುವ ಅವಕಾಶವನ್ನು ರಿಸರ್ವ್ ಬ್ಯಾಂಕ್ 2020ರಿಂದ ಕಲ್ಪಿಸಿದೆ. ಮಕ್ಕಳಿಗೆ ಬೈಯುವ ಮೊದಲು ಅವರೊಡನೆ ಕುಳಿತು ಬೆಲೆ, ವಿನಿಮಯ ಶುಲ್ಕ, ಕರಾರು ಇವನ್ನು ಓದಿದರೆ ಅರ್ಥಶಾಸ್ತ್ರದ ಒಂದು ಪಾಠವಾದೀತು.

ಮಧ್ಯವರ್ತಿಯ ಮೇಲೆ ಸೈಬರ್ ಸಹಾಯವಾಣಿ 1930ಕ್ಕೆ ದೂರು ದಾಖಲಿಸಿದ್ದೇವೆ, ಹಣ ಬಂದಿಲ್ಲ. ಹುಡುಗ ಹೊಸ ಖಾತೆ ತೆರೆದಿದ್ದಾನೆ. ದೇಶದ ಜಾಗದಲ್ಲಿ ಈ ಬಾರಿ ಭಾರತ ಎಂದೇ ಬರೆದಿದ್ದಾನೆ. ಆಟದ ಬೆಲೆ ಇಳಿಯುವ ರಿಯಾಯಿತಿ ದಿನಗಳಿಗಾಗಿ ಕಾಯುತ್ತಿದ್ದಾನೆ. ಅವನು ನಿಜ ಹೇಳಿದ್ದಾಯಿತು. ಆ ನಿಜಕ್ಕೆ ತಕ್ಕ ಬೆಲೆ, ತಕ್ಕ ರಕ್ಷಣೆ ಕೊಡುವುದು ಇನ್ನು ಮಾರುವವರ ಮತ್ತು ಆಳುವವರ ಕೆಲಸ.