ಲಾರಿಯ ನೀರಿನ ಪಂಪು: ಮನೆಯವರ ಕೆಲಸವೋ, ಮೇಸ್ತ್ರಿಯ ಕೆಲಸವೋ?

ನಮ್ಮ ಕಟ್ಟಾಯದ ಕಡೆ ಆಲೂಗಡ್ಡೆ ಅಗೆಯುವ ಕಾಲ ಬಂದಿತೆಂದರೆ ಹೊಲದ ಬದುವಿನ ಮೇಲೆ ಚೀಲಗಳು ಸಾಲಾಗಿ ನಿಲ್ಲುತ್ತವೆ. ಅಗೆದ ಗೆಡ್ಡೆಯು ಮಳೆಗೆ ನೆನೆದರೆ ಕೊಳೆಯುವುದು. ಆದುದರಿಂದ ಅದನ್ನು ಹಾಸನದ ಮಾರುಕಟ್ಟೆಗೆ ಮುಟ್ಟಿಸುವ ಲಾರಿಯೇ ಆ ದಿನಗಳಲ್ಲಿ ಮನೆಯ ಆಧಾರ. ಅಂಥ ಸಮಯದಲ್ಲಿಯೇ ನಮ್ಮ ಹಳೆಯ ಲಾರಿಯ ಮುಂಭಾಗದಿಂದ ನೀರು ತೊಟ್ಟಿಕ್ಕತೊಡಗಿತು. ಮೈದುನನು ಅಡಿಯಲ್ಲಿ ನುಸುಳಿ ನೋಡಿ, “ಅತ್ತಿಗೆಮ್ಮ, ನೀರಿನ ಪಂಪು ಹೋಗಿದೆ. ನಾನೇ ಬದಲಾಯಿಸುತ್ತೇನೆ, ಮೇಸ್ತ್ರಿಯ ಕೂಲಿ ಉಳಿಯುತ್ತದೆ” ಎಂದನು. ಯಜಮಾನರಿಗೆ ಅದು ಒಪ್ಪಿಗೆಯಾಗಲಿಲ್ಲ. ಲೆಕ್ಕ ಬರೆಯುವವಳು ನಾನಾದುದರಿಂದ ತೀರ್ಮಾನವು ನನ್ನ ಪಾಲಿಗೆ ಬಂದಿತು.

ಸೋದರಿಯರೇ, ಇಂಜಿನಿನ ಬಿಸಿಯನ್ನು ಹೊತ್ತ ನೀರನ್ನು ರೇಡಿಯೇಟರಿಗೆ ಕಳುಹಿಸಿ, ತಣಿದುದನ್ನು ಮರಳಿ ತರಿಸುವುದೇ ಈ ಪಂಪಿನ ಕೆಲಸ. ಅದು ನಿಂತರೆ ಕೆಲವೇ ನಿಮಿಷಗಳಲ್ಲಿ ಇಂಜಿನು ಕಾದು, ಹೆಡ್ ಗ್ಯಾಸ್ಕೆಟ್ ಸುಟ್ಟು, ಹೆಡ್ಡೇ ಸೊಟ್ಟಗಾಗಬಹುದು. ಆಗ ಉಳಿಸಿದ ಕೂಲಿಯ ಹಲವು ಪಟ್ಟು ಹಣವನ್ನು ತೆರಬೇಕಾದೀತು.

ನಾನು ಮೊದಲು ಮಾಡಿದುದು ಚೀಲಗಳನ್ನು ಬಾಡಿಗೆ ಲಾರಿಯಲ್ಲಿ ಕಳುಹಿಸಿದ್ದು. ಹೊರೆಯು ಕಾದಿರುವಾಗ ತೀರ್ಮಾನಿಸುವುದು ನಾವಲ್ಲ, ನಮ್ಮ ಆತುರ. ಬಳಿಕ ಮೈದುನನಿಗೆ ಮೂರು ಪ್ರಶ್ನೆಗಳನ್ನು ಹಾಕಿದೆನು.

ಕೆಟ್ಟಿರುವುದು ಪಂಪೇ ಹೌದೆ? ಎಷ್ಟೋ ವೇಳೆ ಸಡಿಲವಾದ ರಬ್ಬರ್ ಪೈಪೇ ಸೋರುತ್ತಿರುತ್ತದೆ. ಪಂಪಿನ ಮೈಯಲ್ಲಿ ಒಂದು ಸಣ್ಣ ರಂಧ್ರವುಂಟು. ಒಳಗಿನ ಸೀಲು ಸವೆದರೆ ನೀರು ಅಲ್ಲಿಂದ ಜಿನುಗುವುದು. ಇಂಜಿನು ನಿಂತು ತಣಿದ ಮೇಲೆ ಪಂಪಿನ ಪುಲ್ಲಿಯನ್ನು ಕೈಯಿಂದ ಅಲುಗಿಸಿ ನೋಡತಕ್ಕದ್ದು. ಅದು ಲೊಡಲೊಡನೆ ಆಡಿದರೆ ಬೇರಿಂಗು ಸವೆದಿದೆಯೆಂದು ತಿಳಿಯಬೇಕು. ನಮ್ಮಲ್ಲಿ ಎರಡು ಲಕ್ಷಣಗಳೂ ಕಂಡುವು.

ಪಂಪು ಕೈಗೆಟಕುವಂತಿದೆಯೆ? ನಮ್ಮದು ಮುಂಭಾಗದಲ್ಲಿದ್ದು ಫ್ಯಾನ್ ಬೆಲ್ಟಿನಿಂದ ತಿರುಗುವಂಥದು. ಕೆಲವು ಗಾಡಿಗಳಲ್ಲಿ ಟೈಮಿಂಗ್ ಬೆಲ್ಟನ್ನೇ ಬಿಚ್ಚಬೇಕಾಗುತ್ತದೆ. ಅದನ್ನು ಮರಳಿ ಕೂಡಿಸುವಾಗ ತಪ್ಪಿದರೆ ವಾಲ್ವುಗಳೇ ಕೆಡಬಹುದು. ಅಂಥದನ್ನು ಮನೆಯವರು ಮುಟ್ಟಬಾರದು.

ಎಲ್ಲಿ ನಿಲ್ಲಿಸುವೆ? ಇದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. “ಯಾವ ಬೋಲ್ಟಾದರೂ ಮೊಂಡು ಹಿಡಿದರೆ ಬಲ ಹಾಕದೆ ಮೇಸ್ತ್ರಿಯನ್ನು ಕರೆಯತಕ್ಕದ್ದು” ಎಂದು ನಾನೇ ಷರತ್ತು ಹಾಕಿದೆನು. ತುಕ್ಕು ಹಿಡಿದ ಬೋಲ್ಟು ಒಳಗೇ ಮುರಿದರೆ ಒಂದು ಹೊತ್ತಿನ ಕೆಲಸ ವಾರದ ಕೆಲಸವಾಗುವುದು.

ಕೆಲಸವು ಮರುದಿನ ಬೆಳಿಗ್ಗೆ, ಇಂಜಿನು ಪೂರಾ ತಣಿದಿದ್ದಾಗ, ಆರಂಭವಾಯಿತು. ನಮ್ಮ ಸೀಮೆಯು ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಂಟಿಗ್ರೇಡಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಒತ್ತಡದಿಂದ ಆ ಕುದಿತವನ್ನು ತಡೆದಿರುತ್ತದೆ. ಬಿಸಿಯಿರುವಾಗ ಅದನ್ನು ತೆರೆದರೆ ನೀರು ಉಕ್ಕಿ ಮುಖವನ್ನೇ ಸುಟ್ಟೀತು. ಬಸಿದ ಕೂಲೆಂಟಿನಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ಅದು ರುಚಿಗೆ ಸಿಹಿ, ಆದರೆ ವಿಷ. ಮಕ್ಕಳೂ ಕರುಗಳೂ ಸುಳಿಯದಂತೆ ಅದನ್ನು ಮುಚ್ಚಿದ ಡಬ್ಬಿಯಲ್ಲಿಡಿಸಿದೆನು.

ಬೋಲ್ಟುಗಳು ಒಂದೊಂದಾಗಿ ಬಂದುವು. ಕೊನೆಯದು ಮಾತ್ರ ಕದಲಲಿಲ್ಲ. ಮೈದುನನು ಉದ್ದನೆಯ ಪಾನಾ ಕೈಗೆತ್ತಿಕೊಂಡು ನನ್ನ ಮುಖ ನೋಡಿದನು, ನಾನು ಮಾತನಾಡಲಿಲ್ಲ. ಒಂದು ಕ್ಷಣ ನಿಂತು, ಪಾನಾವನ್ನು ಕೆಳಗಿಟ್ಟನು.

ಮೇಸ್ತ್ರಿಯು ಬಂದು ಅದನ್ನು ಕಾಯಿಸಿ, ಹಿಂದೆ ಮುಂದೆ ತಿರುಗಿಸಿ, ಸಾವಧಾನವಾಗಿ ಬಿಡಿಸಿದನು. ಅದೊಂದಕ್ಕೇ ಕೂಲಿ ಪಡೆದನು. ಹಳೆಯ ಗ್ಯಾಸ್ಕೆಟನ್ನು ಚೂರೂ ಉಳಿಯದಂತೆ ಕೆರೆದು ತೆಗೆಯುವುದು, ಹೊಸ ಪಂಪಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುವುದು, ಬೋರ್‌ವೆಲ್ಲಿನ ಗಡಸು ನೀರಿಗೆ ಬದಲಾಗಿ ಹೊಸ ಕೂಲೆಂಟು ತುಂಬಿ ಒಳಗಿನ ಗಾಳಿಯನ್ನು ಹೊರಡಿಸುವುದು, ಇವೆಲ್ಲವನ್ನೂ ಮೈದುನನೇ ಮುಗಿಸಿದನು. ಸಂಜೆಯವರೆಗೆ ಇಂಜಿನು ನಡೆಯಿಸಿದರೂ ಒಂದು ಹನಿಯೂ ಬೀಳಲಿಲ್ಲ.

ಬಾಡಿಗೆ ಲಾರಿಯ ಖರ್ಚು ಕಳೆದರೆ ನಮಗೆ ಉಳಿದುದು ಹೆಚ್ಚೇನಲ್ಲ. ಆದರೂ ಆ ದಿನದ ಲೆಕ್ಕದಲ್ಲಿ ನಾನು ನಷ್ಟವನ್ನು ಬರೆಯಲಿಲ್ಲ. ಕೈಕೆಲಸ ಕಲಿಯುವ ಹುಡುಗನನ್ನು ತಡೆಯಬೇಡಿರಿ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಮಾತ್ರ ಅವನು ಪಾನಾ ಹಿಡಿಯುವ ಮುನ್ನವೇ ಗೊತ್ತುಮಾಡಿರಿ.